ವೆನಿಸ್ಸಿನ ಒಂದಂತಸ್ತಿನ ಅರಮನೆ

ವೆನಿಸ್ ನಗರವನ್ನು ಕುರಿತು ಬರೆದವರು ಬಹುಮಟ್ಟಿಗೆ ಅದರ ಪ್ರಾಚೀನ ವೈಭವವನ್ನೇ ಕೊಂಡಾಡಿದ್ದಾರೆ. ಸಂತ ಮಾರ್ಕನ ದೇವಾಲಯ, ಡೋಜರ ಅರಮನೆ, ಟಿಷಿಯನ್ ಮತ್ತು ಟಿಂಟೊರೆಟ್ಟೊ ಮೊದಲಾದವರ ವರ್ಣಚಿತ್ರಗಳು, ಇವನ್ನು ನೋಡಿ ಮುಗಿಸುವಷ್ಟರಲ್ಲಿ ಪ್ರವಾಸಿಗನ ದಿನಗಳೂ ಹಣವೂ ತೀರಿಹೋಗಿರುತ್ತವೆ. ಆದರೆ ಅದೇ ನಗರದ ಮಹಾಕಾಲುವೆಯ ದಂಡೆಯ ಮೇಲೆ ಇಪ್ಪತ್ತನೆಯ ಶತಮಾನದ ಕಲೆಗೆಂದೇ ಮೀಸಲಾದ ಸಂಗ್ರಹಾಲಯವೊಂದಿದೆ. ಪೆಗ್ಗಿ ಗುಗೆನ್‌ಹೈಮ್ ಎಂಬ ಅಮೆರಿಕದ ಮಹಿಳೆ ಕೂಡಿಸಿದ ಸಂಗ್ರಹವದು.

ಅಕಾಡೆಮಿಯಾ ಸೇತುವೆಯ ಬಳಿ ದೋಣಿಯಿಂದಿಳಿದು ಇಕ್ಕಟ್ಟಾದ ಓಣಿಗಳಲ್ಲಿ ಸ್ವಲ್ಪ ದೂರ ನಡೆದರೆ ಅದರ ತೋಟದ ಬಾಗಿಲು ಸಿಗುತ್ತದೆ. ಕಟ್ಟಡವೇ ಒಂದು ವಿಚಿತ್ರ. ವೆನಿಯೆರ್ ಮನೆತನದವರು ಹದಿನೆಂಟನೆಯ ಶತಮಾನದಲ್ಲಿ ಭವ್ಯವಾದ ಅರಮನೆಯೊಂದನ್ನು ಕಟ್ಟಲಾರಂಭಿಸಿದರು. ನೆಲದ ಅಂತಸ್ತು ಮುಗಿಯುವಷ್ಟರಲ್ಲಿ ಕೆಲಸ ನಿಂತಿತು. ಹಣ ಸಾಲದೆ ಹೋಯಿತೆಂದು ಕೆಲವರೂ, ಎದುರು ದಂಡೆಯ ಕೊರ್ನೆರ್ ಮನೆತನದವರು ತಡೆದರೆಂದು ಕೆಲವರೂ ಹೇಳುತ್ತಾರೆ. ಸುತ್ತಲಿನ ಎತ್ತರದ ಅರಮನೆಗಳ ನಡುವೆ ಅದು ಇಂದಿಗೂ ಬಿಳಿಯ ಕಲ್ಲಿನ ತಗ್ಗು ಮನೆಯಾಗಿಯೇ ಉಳಿದಿದೆ.

1898ರಲ್ಲಿ ಜನಿಸಿದ ಪೆಗ್ಗಿಯ ತಂದೆ 1912ರಲ್ಲಿ ಟೈಟಾನಿಕ್ ಹಡಗಿನೊಡನೆ ಜಲಸಮಾಧಿಯಾದರು. ಆಕೆಯ ಸಂಗ್ರಹದ ಬಹುಭಾಗ ಕೂಡಿದ್ದು ಯುದ್ಧದ ನೆರಳಿನಲ್ಲಿ. 1940ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸನ್ನು ಸಮೀಪಿಸುತ್ತಿರುವಾಗ ಆಕೆ ಚಿತ್ರಗಳನ್ನು ಕೊಳ್ಳುತ್ತಲೇ ಇದ್ದರು. ಅವುಗಳನ್ನು ಅಡಗಿಸಿಡಲು ಲೂವ್ರ್ ಸಂಗ್ರಹಾಲಯವನ್ನು ಕೇಳಿದಾಗ, ಇಂಥ ನವ್ಯ ಚಿತ್ರಗಳು ಕಾಪಾಡಲು ಯೋಗ್ಯವಲ್ಲವೆಂಬ ಉತ್ತರ ಬಂತೆಂದು ಆಕೆ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೊನೆಗೆ ಗ್ರೆನೋಬಲ್ ನಗರದ ಸಂಗ್ರಹಾಲಯ ಆಶ್ರಯ ನೀಡಿತು. ಅಲ್ಲಿಂದ 'ಮನೆಯ ಸಾಮಾನು' ಎಂಬ ಹೆಸರಿನಲ್ಲಿ ಅವು ಹಡಗೇರಿ ನ್ಯೂಯಾರ್ಕ್ ಸೇರಿದವು. ಯೆಹೂದ್ಯ ಕುಲದವರಾದ ಆಕೆಯೂ 1941ರಲ್ಲಿ ಯೂರೋಪನ್ನು ಬಿಟ್ಟು ಹೊರಡಬೇಕಾಯಿತು. ಕಾಪಾಡಲು ಅಯೋಗ್ಯವೆನಿಸಿದ್ದ ಆ ಚಿತ್ರಗಳನ್ನೇ ಕಾಣಲು ಇಂದು ಜನ ಸಾಲುಗಟ್ಟಿ ನಿಲ್ಲುತ್ತಾರೆ.

ಪ್ಯಾರಿಸ್ ಬಿಡುವ ಮುನ್ನ ಆಕೆ ಕೊಂಡವುಗಳಲ್ಲಿ ರುಮೇನಿಯದ ಶಿಲ್ಪಿ ಬ್ರಾಂಕೂಸಿಯ 'ಆಕಾಶದಲ್ಲಿ ಹಕ್ಕಿ' ಒಂದು. ಇದರಲ್ಲಿ ರೆಕ್ಕೆಯಿಲ್ಲ, ಕಣ್ಣಿಲ್ಲ. ಮೇಲಕ್ಕೆ ಚಿಮ್ಮುವ ಹೊಳಪಿನ ಹಿತ್ತಾಳೆಯ ರೇಖೆಯೊಂದೇ ಇದೆ. ಹಕ್ಕಿಯನ್ನಲ್ಲ, ಹಾರಾಟವನ್ನು ಕೆತ್ತುವುದು ಶಿಲ್ಪಿಯ ಉದ್ದೇಶ. ಇದೇ ಮಾಲಿಕೆಯ ಶಿಲ್ಪಗಳನ್ನು ಇಂದೂರಿನ ಯಶವಂತರಾವ್ ಹೋಳ್ಕರ್ ಮಹಾರಾಜರೂ ಕೊಂಡಿದ್ದರು. ಅವುಗಳಿಗಾಗಿ ಮಂದಿರವೊಂದನ್ನು ನಿರ್ಮಿಸಲೆಂದು ಬ್ರಾಂಕೂಸಿ ಇಂದೂರಿಗೂ ಬಂದಿದ್ದನು; ಮಂದಿರ ಮಾತ್ರ ಮೇಲೇಳಲಿಲ್ಲ.

ಮ್ಯಾಗ್ರಿಟ್‌ನ 'ಬೆಳಕಿನ ಸಾಮ್ರಾಜ್ಯ' ಮಕ್ಕಳಿಗೂ ಒಡನೆ ಹಿಡಿಸುವಂಥದು. ಕೆಳಗೆ ದೀಪ ಹೊತ್ತಿಸಿದ ರಾತ್ರಿಯ ಬೀದಿ, ಮೇಲೆ ಹಗಲಿನ ನೀಲಿ ಆಕಾಶ. ಒಂದೊಂದೂ ಸಹಜವೇ, ಎರಡೂ ಕೂಡಿದಾಗ ನೋಡುವವನ ಎದೆಯಲ್ಲಿ ಒಂದು ಬಗೆಯ ಅಳುಕು ಹುಟ್ಟುತ್ತದೆ.

ಹೆಚ್ಚು ಜನ ಮುಗ್ಗರಿಸುವುದು ಜಾಕ್ಸನ್ ಪೊಲಾಕ್‌ನ ಎದುರಿನಲ್ಲಿ. 1947ರ 'ರಸವಿದ್ಯೆ' ಎಂಬ ಚಿತ್ರವನ್ನು ಆತನು ಬಟ್ಟೆಯನ್ನು ನೆಲದ ಮೇಲೆ ಹಾಸಿ, ಬಣ್ಣವನ್ನು ಸುರಿದು, ಚಿಮುಕಿಸಿ ರಚಿಸಿದನು. ಇದರಲ್ಲಿ ಏನಿದೆಯೆಂದು ಹುಡುಕುವವನಿಗೆ ಏನೂ ದೊರೆಯದು. ಒಂದು ಗೆರೆಯನ್ನು ಹಿಡಿದು ಕಣ್ಣು ಅದರ ಬೆನ್ನಟ್ಟಿದರೆ, ಗೊಂದಲವೆಂದು ತೋರಿದ್ದು ಒಂದು ಲಯವಾಗಿ ತೆರೆದುಕೊಳ್ಳುತ್ತದೆ. ಅದಕ್ಕೆ ಹತ್ತು ನಿಮಿಷವಾದರೂ ಬೇಕು. ಅಷ್ಟು ನಿಂತೂ ಒಪ್ಪದವರು ಉಂಟು, ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಬಡಗಿಯ ಕೆಲಸ ಮಾಡುತ್ತಿದ್ದ ಪೊಲಾಕ್‌ಗೆ 1943ರಲ್ಲಿ ಮಾಸಾಶನ ಗೊತ್ತುಮಾಡಿ ಚಿತ್ರ ಬರೆಯಲು ಬಿಟ್ಟವರು ಪೆಗ್ಗಿಯೇ.

1948ರ ವೆನಿಸ್ ಕಲಾಪ್ರದರ್ಶನದಲ್ಲಿ ಗ್ರೀಸ್ ದೇಶದ ಮಂಟಪ ಅಂತರ್ಯುದ್ಧದಿಂದಾಗಿ ತೆರವಾಗಿತ್ತು. ಅಲ್ಲಿ ಈ ಸಂಗ್ರಹವನ್ನು ಜೋಡಿಸಲಾಯಿತು. ಬಳಿಕ ಆಕೆ ಈ ಅಪೂರ್ಣ ಅರಮನೆಯನ್ನು ಕೊಂಡು ಅಲ್ಲಿಯೇ ನೆಲೆಸಿದರು. 1951ರಿಂದ ಬೇಸಗೆಯಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದರು. ಮನೆಯೇ ಸಂಗ್ರಹಾಲಯ. ಮಲಗುವ ಕೋಣೆಗೆ ಕಾಲ್ಡರ್ ಮಾಡಿಕೊಟ್ಟ ಬೆಳ್ಳಿಯ ಮಂಚದ ತಲೆಹಲಗೆಯಲ್ಲಿ ಮೀನು, ಹೂವುಗಳು ತೂಗುತ್ತವೆ. ತನ್ನ ಸಂಗ್ರಹವನ್ನು ಆಕೆ ದೊಡ್ಡಪ್ಪ ಸಾಲೊಮನ್ ಗುಗೆನ್‌ಹೈಮ್ ಸ್ಥಾಪಿಸಿದ ಪ್ರತಿಷ್ಠಾನಕ್ಕೆ ಒಪ್ಪಿಸಿದರು, ಅದು ವೆನಿಸ್ಸಿನಲ್ಲಿಯೇ ಉಳಿಯಬೇಕೆಂಬ ನಿಬಂಧನೆಯೊಡನೆ.

1979ರ ಡಿಸೆಂಬರಿನಲ್ಲಿ ಪೆಗ್ಗಿ ತೀರಿಕೊಂಡರು. ಆಕೆಯ ಚಿತಾಭಸ್ಮ ತೋಟದ ಒಂದು ಮೂಲೆಯಲ್ಲಿದೆ; ಪಕ್ಕದ ಕಲ್ಲಿನ ಮೇಲೆ ಆಕೆ ಸಾಕಿದ ನಾಯಿಗಳ ಹೆಸರುಗಳನ್ನು ಕೊರೆದಿದ್ದಾರೆ. ಚಿತ್ರಗಳನ್ನು ನೋಡಿ ದಣಿದವರು ಅಲ್ಲಿಯ ಮರಗಳ ನೆರಳಿನಲ್ಲಿ ಕುಳಿತು ವಿಶ್ರಮಿಸುತ್ತಾರೆ. ಮಂಗಳವಾರ ಮಾತ್ರ ಬಾಗಿಲು ಮುಚ್ಚಿರುತ್ತದೆ.