ಐಸ್ ಕಟ್ಟದ ಫ್ರಿಜ್: ಮೊದಲು ಮಾಂಸವನ್ನು ಮುಟ್ಟಿ ನೋಡಿ

ಕಳೆದ ರಮಝಾನ್‌ನ ಒಂದು ರಾತ್ರಿ. ತರಾವೀಹ್ ಮುಗಿಸಿ ಬಂದು ಕ್ಲಿನಿಕ್ಕಿನ ಬಾಗಿಲು ತೆರೆಯುವ ಹೊತ್ತಿಗೆ ಒಬ್ಬ ತಾಯಿ ಇಬ್ಬರು ಮಕ್ಕಳೊಂದಿಗೆ ಕಾಯುತ್ತಿದ್ದರು. ಇಬ್ಬರಿಗೂ ವಾಂತಿ, ಭೇದಿ. ಚಿಕ್ಕವನ ತುಟಿ ಒಣಗಿತ್ತು. ಏನು ತಿಂದರು ಎಂದು ಕೇಳಿದೆ. "ಹೊರಗಿನದ್ದು ಏನೂ ಇಲ್ಲ ಹಕೀಮ್ ಸಾಹೇಬ್ರೇ, ಎಲ್ಲ ಮನೆಯದ್ದೇ" ಎಂದರು. ಮತ್ತೆ ಕೆದಕಿದಾಗ ಹೇಳಿದರು: "ಫ್ರಿಜ್‌ನಲ್ಲಿ ನಾಲ್ಕು ದಿನದಿಂದ ಐಸ್ ಆಗ್ತಾ ಇಲ್ಲ. ಶರಬತ್ತಿಗೆ ಅಂಗಡಿಯಿಂದ ಐಸ್ ತರಿಸಿದ್ವಿ, ಅಷ್ಟೇ."

"ಫ್ರೀಜರ್‌ನಲ್ಲಿ ಮಾಂಸ ಇತ್ತಾ ಆಪಾ?"

"ಇತ್ತು. ನಿನ್ನೆ ಅದರದ್ದೇ ಕೀಮಾ ಮಾಡಿದ್ವಿ."

"ಗಟ್ಟಿ ಇತ್ತಾ?"

"ಮೆತ್ತಗಾಗಿತ್ತು. ಒಳ್ಳೇದಾಯ್ತು, ಬೇಗ ಕತ್ತರಿಸಬಹುದು ಅಂದ್ಕೊಂಡೆ."

ಆ ಮಕ್ಕಳಿಗೆ ತೊಂದರೆ ಆದದ್ದು ಅಂಗಡಿಯ ಐಸಿನಿಂದಲೋ ಮೆತ್ತಗಾದ ಮಾಂಸದಿಂದಲೋ ಹೇಳಲಾರೆ. ದೊಡ್ಡವಳು ಓಆರ್‌ಎಸ್‌ನಲ್ಲೇ ಸುಧಾರಿಸಿಕೊಂಡಳು. ಚಿಕ್ಕವನನ್ನು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟು ಡ್ರಿಪ್ ಹಾಕಿಸಬೇಕಾಯಿತು. ಆದರೆ ಎರಡಕ್ಕೂ ಬೇರು ಒಂದೇ. ನಾಲ್ಕು ದಿನ ಮೊದಲೇ ಫ್ರಿಜ್ ಕೆಟ್ಟ ಸುದ್ದಿಯನ್ನು ಐಸ್ ಟ್ರೇ ಹೇಳಿತ್ತು. ಮನೆಯವರು ಅದನ್ನು ಶರಬತ್ತಿನ ಸಮಸ್ಯೆ ಎಂದುಕೊಂಡರು.

ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಳಗಿನ ಭಾಗ 4 ಡಿಗ್ರಿಯೊಳಗೆ ಇರಬೇಕು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಅದನ್ನು ಅಳೆಯುವ ಥರ್ಮಾಮೀಟರ್ ಇಲ್ಲ. ಇರುವುದು ಐಸ್ ಟ್ರೇ ಮಾತ್ರ. ರಾತ್ರಿ ತುಂಬಿಸಿಟ್ಟ ನೀರು ಬೆಳಿಗ್ಗೆಯೂ ನೀರಾಗಿಯೇ ಇದ್ದರೆ ಅದರ ಪಕ್ಕದ ಮಾಂಸ, ಮೀನು, ಸಮೋಸಾ ಪಟ್ಟಿ ಎಲ್ಲವೂ ಅದೇ ಸ್ಥಿತಿಯಲ್ಲಿವೆ. ಚೆನ್ನಾಗಿ ಬೇಯಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಬೇಯಿಸಿದರೆ ಕ್ರಿಮಿ ಸಾಯುತ್ತದೆ, ನಿಜ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಮಾಂಸದಲ್ಲಿ ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ.

ಆದ್ದರಿಂದ ಐಸ್ ಆಗದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಫ್ರೀಜರ್‌ನೊಳಗಿನ ಮಾಂಸವನ್ನು ಬೆರಳಿನಿಂದ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಿದ್ದರೆ ಆತಂಕ ಬೇಡ, ತೊಂದರೆ ಐಸಿನದ್ದು ಮಾತ್ರ. ಮೇಲೆ ಸಡಿಲವಾಗಿ, ಒಳಗೆ ಇನ್ನೂ ಐಸಿನ ಹರಳುಗಳಿದ್ದರೆ ಅಂದೇ ಬೇಯಿಸಿ, ಇಲ್ಲವೆ ನೆರೆಮನೆಯ ಫ್ರೀಜರ್‌ಗೆ ಸಾಗಿಸಿ. ಪೂರ್ತಿ ಮೆತ್ತಗಾಗಿ, ಕೈಗೆ ತಣ್ಣಗೂ ಅನಿಸದೆ, ಎಷ್ಟು ಹೊತ್ತಿನಿಂದ ಹೀಗಿದೆ ಎಂದು ಗೊತ್ತಿಲ್ಲದಿದ್ದರೆ ಎಸೆಯಿರಿ. 4 ಡಿಗ್ರಿಗಿಂತ ಬೆಚ್ಚಗೆ ಎರಡು ಗಂಟೆಗೂ ಹೆಚ್ಚು ಕಾಲ ಇದ್ದ ಮಾಂಸವನ್ನು ಮತ್ತೆ ಫ್ರೀಜ್ ಮಾಡುವುದರಲ್ಲಿ ಅರ್ಥವಿಲ್ಲ. ಮೂಸಿ ನೋಡಿ ತೀರ್ಮಾನಿಸಬೇಡಿ. ರೋಗ ತರುವ ಮಾಂಸಕ್ಕೆ ವಾಸನೆ ಬಂದೇ ಬರುತ್ತದೆ ಎಂದೇನಿಲ್ಲ.

ಊರಿಗೆ ಹೋಗಿ ಬರುವವರಿಗೆ ಒಂದು ಸುಲಭ ಉಪಾಯವಿದೆ. ಒಂದು ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ನೀರು ಫ್ರೀಜ್ ಮಾಡಿ ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ವಾಪಸು ಬಂದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ಐಸಿನೊಳಗೆ ತಳದಲ್ಲಿದ್ದರೆ ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ. ಕರೆಂಟ್ ಹೋಗಿದೆ ಎಂದಷ್ಟೇ ಗೊತ್ತಿದ್ದರೆ ಬಾಗಿಲು ತೆರೆಯಲೇಬೇಡಿ. ತುಂಬಿದ ಫ್ರೀಜರ್ ಮುಚ್ಚಿಯೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಕೆಳಗಿನ ಭಾಗ ತಡೆಯುವುದು ನಾಲ್ಕೇ ಗಂಟೆ.

ಇನ್ನು ಫ್ರಿಜ್ ಏಕೆ ತಣ್ಣಗಾಗುತ್ತಿಲ್ಲ? ನಾನು ಮೆಕ್ಯಾನಿಕ್ ಅಲ್ಲ. ಆದರೆ ಹೆಚ್ಚಿನ ಕಾರಣಗಳು ಪರೀಕ್ಷಿಸಲು ಮನೆಯವರೇ ಸಾಕು ಎನ್ನುವಂಥವು. ಥರ್ಮೋಸ್ಟಾಟ್ ಗುಂಡಿಯನ್ನು ಚಳಿಗಾಲದಲ್ಲಿ ಕಡಿಮೆಗೆ ತಿರುಗಿಸಿ ಮರೆತಿರುತ್ತೇವೆ. ಬಾಗಿಲ ಸುತ್ತಲಿನ ರಬ್ಬರ್ ಸಡಿಲವಾಗಿರುತ್ತದೆ. ಒಂದು ಕಾಗದವನ್ನು ಸಿಕ್ಕಿಸಿ ಬಾಗಿಲು ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ರಬ್ಬರಿಗೆ ಜಿಡ್ಡು ಹಿಡಿದಿದ್ದರೆ ಬಿಸಿನೀರು, ಸೋಪಿನಿಂದ ಒರೆಸಿದರೇ ಎಷ್ಟೋ ಸಲ ಸರಿಹೋಗುತ್ತದೆ. ಹಿಂಬದಿಯ ಕಪ್ಪು ಜಾಲರಿಯಲ್ಲಿ ಧೂಳು ತುಂಬಿದ್ದರೂ, ಫ್ರಿಜ್ ಗೋಡೆಗೆ ಅಂಟಿಕೊಂಡಿದ್ದರೂ, ಪಕ್ಕದಲ್ಲೇ ಒಲೆ ಇದ್ದರೂ ಬಿಸಿ ಹೊರಹೋಗಲು ದಾರಿ ಇರುವುದಿಲ್ಲ. ಸಂಜೆ ವೋಲ್ಟೇಜ್ ಬೀಳುವ ಊರುಗಳಲ್ಲಿ ಸ್ಟೆಬಿಲೈಸರ್ ಇಲ್ಲದ ಫ್ರಿಜ್‌ನ ಕಂಪ್ರೆಸರ್ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಇಫ್ತಾರ್‌ನ ಹೊತ್ತೂ ಅದೇ.

ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಫ್ರೀಜರ್ ಗೋಡೆಗೆ ಅರ್ಧ ಸೆಂಟಿಮೀಟರ್‌ಗಿಂತ ದಪ್ಪ ಮಂಜು ಕಟ್ಟಿದ್ದರೆ ಡಿಫ್ರಾಸ್ಟ್ ಮಾಡಲೇಬೇಕು. ಮಂಜು ಹೆಚ್ಚಿದಷ್ಟೂ ತಂಪು ಹೆಚ್ಚು ಎಂದು ನಂಬಿದವರಿದ್ದಾರೆ. ಅದು ಕಂಬಳಿ ಹೊದಿಸಿದ ಹಾಗೆ, ತಂಪನ್ನು ತಡೆಯುತ್ತದೆ. ಚಾಕುವಿನಿಂದ ಕೆರೆದು ತೆಗೆಯಬೇಡಿ. ಗೋಡೆಯಲ್ಲಿ ಹರಿಯುವ ಗ್ಯಾಸಿನ ನಾಳ ತೂತಾದರೆ ಫ್ರಿಜ್ಜೇ ಹೋಯಿತು, ಮೇಲಾಗಿ ಹೊಸ ಫ್ರಿಜ್‌ಗಳಲ್ಲಿ ಬಹಳಷ್ಟರಲ್ಲಿ ಇರುವುದು ಬೆಂಕಿ ಹೊತ್ತುವ ಗ್ಯಾಸ್. ಎರಡು ಬಾಗಿಲಿನ, ಮಂಜು ಕಟ್ಟದ ಮಾದರಿಯಲ್ಲಿ ತಂಪು ಬರುವುದು ಫ್ಯಾನ್‌ನ ಗಾಳಿಯಿಂದ. ಗಾಳಿ ಬರುವ ಕಿಂಡಿಗೆ ಮಾಂಸದ ಕವರ್ ಒತ್ತಿಕೊಂಡಿದ್ದರೆ ಅಲ್ಲಿಗೇ ಮುಗಿಯಿತು. ಕಿಂಡಿ ತೆರವಾಗಿದ್ದೂ ಗಾಳಿ ಬರದಿದ್ದರೆ ಪ್ಯಾನಲ್‌ನ ಹಿಂದೆ ಮಂಜು ಗಟ್ಟಿಯಾಗಿ ಕೂತಿರಬಹುದು. ಸಾಮಾನು ತೆಗೆದು, ಪ್ಲಗ್ ಕಿತ್ತು, ಬಾಗಿಲು ತೆರೆದು ಒಂದು ದಿನ ಬಿಟ್ಟರೆ ಕರಗುತ್ತದೆ. ಕೆಲವೇ ದಿನಗಳಲ್ಲಿ ಮತ್ತೆ ಅದೇ ಆದರೆ ಡಿಫ್ರಾಸ್ಟ್ ಹೀಟರ್ ಅಥವಾ ಅದರ ಸೆನ್ಸರ್ ಹೋಗಿರಬಹುದು. ಆಗ ಮೆಕ್ಯಾನಿಕ್ ಬೇಕೇ ಬೇಕು.

ಬಕ್ರೀದ್ ಹೊತ್ತಿನಲ್ಲಿ ಬರುವ ದೂರು ಬಹುಪಾಲು ಫ್ರಿಜ್ಜಿನ ತಪ್ಪಲ್ಲ, ನಮ್ಮದೇ. ಬೆಳಿಗ್ಗೆ ಕೊಯ್ದ, ಇನ್ನೂ ಬಿಸಿ ಆರದ ಹತ್ತು ಕಿಲೋ ಮಾಂಸವನ್ನು ಎರಡು ದೊಡ್ಡ ಕವರ್‌ಗಳಲ್ಲಿ ಕಟ್ಟಿ ತುರುಕುತ್ತೇವೆ. ಜಾಗ ಸಾಲದೆ ಐಸ್ ಟ್ರೇಯನ್ನೇ ಹೊರಗೆ ತೆಗೆಯುತ್ತೇವೆ, ಇದ್ದ ಒಂದು ಸಾಕ್ಷಿಯೂ ಹೋಯಿತು! ಪ್ರತಿ 28 ಲೀಟರ್ ಫ್ರೀಜರ್ ಜಾಗಕ್ಕೆ ದಿನಕ್ಕೆ ಒಂದರಿಂದ ಒಂದೂಕಾಲು ಕಿಲೋ ಹೊಸ ಮಾಂಸ ಮಾತ್ರ ಸರಿಯಾಗಿ ಫ್ರೀಜ್ ಆಗುತ್ತದೆ. ಅಂದರೆ 60 ಲೀಟರಿನ ಫ್ರೀಜರ್‌ಗೆ ದಿನಕ್ಕೆ ಎರಡು, ಎರಡೂವರೆ ಕಿಲೋ. ಅರ್ಧ ಕಿಲೋದ ಪೊಟ್ಟಣ ಮಾಡಿ, ರೊಟ್ಟಿಯಂತೆ ಚಪ್ಪಟೆಯಾಗಿ ತಟ್ಟಿ, ಮೊದಲ ದಿನ ಒಂದರ ಮೇಲೊಂದು ಪೇರಿಸದೆ ಇಡಿ. ಕೆಳಗಿನ ಭಾಗ ನಿಜಕ್ಕೂ 4 ಡಿಗ್ರಿಯೊಳಗಿದ್ದರೆ ದೊಡ್ಡ ತುಂಡುಗಳು ಅಲ್ಲಿ ಮೂರು ದಿನ ತಾಳುತ್ತವೆ. ಲಿವರ್ ಮತ್ತು ಕೀಮಾ ಒಂದೆರಡು ದಿನ ಮಾತ್ರ. ಉಳಿದದ್ದನ್ನು ಅಂದೇ ಹಂಚಿಬಿಡುವುದು ಆರೋಗ್ಯದ ದೃಷ್ಟಿಯಿಂದಲೂ ಒಳ್ಳೆಯದು.

ಗಲ್ಫ್‌ನಲ್ಲಿರುವ ಮಕ್ಕಳ ದೆಸೆಯಿಂದ ಕರಾವಳಿಯ ಕೆಲವು ಮನೆಗಳಿಗೆ ತಾನಾಗಿಯೇ ಐಸ್ ಮಾಡುವ ದೊಡ್ಡ ಫ್ರಿಜ್‌ಗಳೂ ಬಂದಿವೆ. ಮಾಂಸ ಗಟ್ಟಿಯಿದ್ದು ಐಸ್ ಮಾತ್ರ ನಿಂತರೆ ಮೊದಲು ಅದರ ಸ್ವಿಚ್ ಅಥವಾ ತಂತಿಯ ಕೈ ಆಫ್ ಸ್ಥಿತಿಯಲ್ಲಿದೆಯೇ ನೋಡಿ. ಐಸ್ ಡಬ್ಬಿಯನ್ನು ತೆಗೆದು ಇಡುವಾಗ ಕೈ ಮೇಲಕ್ಕೆ ಎದ್ದು ನಿಂತುಬಿಡುತ್ತದೆ. ಆಮೇಲೆ ನೀರು. ಹೆಚ್ಚಿನ ಮಾದರಿಗಳು ಕನಿಷ್ಠ 20 ಪಿಎಸ್‌ಐ ಒತ್ತಡ ಕೇಳುತ್ತವೆ. ಅಷ್ಟು ಒತ್ತಡ ಬರಬೇಕಾದರೆ ಟ್ಯಾಂಕ್ ಸುಮಾರು 14 ಮೀಟರ್ ಎತ್ತರದಲ್ಲಿರಬೇಕು. ನಮ್ಮ ಟ್ಯಾಂಕ್ ಇರುವುದು ಒಂದು ಮಹಡಿಯ ಮೇಲೆ. ಐಸ್ ತುಂಡುಗಳು ಸಣ್ಣದಾಗಿ, ಟೊಳ್ಳಾಗಿ ಬಂದು ಕೊನೆಗೆ ನಿಂತುಹೋದರೆ ಕಾರಣ ಹೆಚ್ಚಾಗಿ ಇದೇ, ಇಲ್ಲವೆ ಕಟ್ಟಿಕೊಂಡ ಫಿಲ್ಟರ್. ಸಣ್ಣ ಬೂಸ್ಟರ್ ಪಂಪ್ ಹಾಕಿಸಿ, ಫಿಲ್ಟರನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬದಲಿಸಿ. ಬೋರ್‌ವೆಲ್‌ನ ಗಡಸು ನೀರಿದ್ದರೆ ನೀರು ಬಿಡುವ ವಾಲ್ವ್‌ನಲ್ಲೂ ಸುಣ್ಣ ಕಟ್ಟುತ್ತದೆ. ಸರಿಪಡಿಸಿದ ಮೇಲೆ ಐಸ್ ಬರಲು ಒಂದು ದಿನ ಬೇಕು. ಮೊದಲ ಐಸನ್ನು ಬಳಸದೆ ಎಸೆಯಿರಿ.

ಅಲ್ಲಿಯವರೆಗೆ ಶರಬತ್ತಿಗೆ ಏನು ಮಾಡುವುದು? ಅಂಗಡಿಯ ದೊಡ್ಡ ಐಸ್ ಗಡ್ಡೆ ಸಾಮಾನ್ಯವಾಗಿ ಮೀನು ಕೆಡದಿರಲು ಮಾಡಿದ್ದು. ಟೆಂಪೋದಿಂದ ರಸ್ತೆಗೆ ಇಳಿದು, ಗೋಣಿಯಲ್ಲಿ ಸುತ್ತಿಸಿಕೊಂಡು ಬರುವುದನ್ನು ನೀವೂ ನೋಡಿದ್ದೀರಿ. ತಿನ್ನಲು ಅಲ್ಲದ ಐಸಿಗೆ ನೀಲಿ ಬಣ್ಣ ಸೇರಿಸುವ ಕ್ರಮ ಬಂದಿದೆ, ಆದರೆ ಬಿಳಿಯಾಗಿದೆ ಎಂಬ ಮಾತ್ರಕ್ಕೆ ಅದು ಶುದ್ಧ ಎಂದು ತಿಳಿಯಬೇಡಿ. ಹೆಪ್ಪುಗಟ್ಟಿದರೆ ಕ್ರಿಮಿಗಳು ಸಾಯುತ್ತವೆ ಎಂಬುದೂ ತಪ್ಪು. ಟೈಫಾಯ್ಡ್‌ನ ಬ್ಯಾಕ್ಟೀರಿಯಾ, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಐಸಿನಲ್ಲಿ ಮಲಗಿರುತ್ತವೆ, ಲೋಟದಲ್ಲಿ ಏಳುತ್ತವೆ.

ಇದಕ್ಕೆ ಇಬ್ನ್ ಸೀನಾ (980–1037) ತಮ್ಮ 'ಅಲ್ ಖಾನೂನ್'ನಲ್ಲಿ ದಾರಿ ಹೇಳಿದ್ದಾರೆ. ಐಸ್ ಶುದ್ಧವಾಗಿದ್ದರೆ ನೀರಿಗೆ ಹಾಕಿದರೂ ಸರಿ, ಹೊರಗಿನಿಂದ ತಂಪು ಮಾಡಿದರೂ ಸರಿ. ಕೆಟ್ಟ ನೀರಿನದ್ದಾದರೆ ಅದನ್ನು ಒಳಗೆ ಹಾಕದೆ ಪಾತ್ರೆಯ ಹೊರಗಿಟ್ಟು ನೀರು ತಣಿಸಬೇಕು. ನರದ ನೋವಿರುವವರಿಗೆ ಐಸ್ ನೀರು ಒಳ್ಳೆಯದಲ್ಲ ಎಂದೂ ಅವರು ಸೇರಿಸಿದ್ದಾರೆ. ಫ್ರಿಜ್ ಇಲ್ಲದ ಕಾಲದ ಈ ಮಾತು ಇಂದಿಗೂ ಕೆಲಸಕ್ಕೆ ಬರುತ್ತದೆ. ಒಂದು ದೊಡ್ಡ ಪಾತ್ರೆಗೆ ಅಂಗಡಿಯ ಐಸ್, ಒಂದು ಹಿಡಿ ಕಲ್ಲುಪ್ಪು ಹಾಕಿ. ಶರಬತ್ತನ್ನು ಕುದಿಸಿ ಆರಿಸಿದ ನೀರಿನಲ್ಲಿ ಮಾಡಿ, ಮುಚ್ಚಳ ಬಿಗಿಯಾದ ಸ್ಟೀಲ್ ಕ್ಯಾನಿಗೆ ತುಂಬಿ ಅದರ ನಡುವೆ ಇಳಿಸಿ. ಅರ್ಧ ಗಂಟೆಯಲ್ಲಿ ಚೆನ್ನಾಗಿ ತಣ್ಣಗಾಗುತ್ತದೆ. ಬಗ್ಗಿಸುವ ಮೊದಲು ಕ್ಯಾನಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಐಸ್ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ.