ಹಳೆಯ ಕ್ಯಾನಿಸ್ಟರ್ ಫಿಲ್ಟರ್: ಕೊಳ್ಳುವ ಮುನ್ನ, ಜೋಡಿಸುವ ಮುನ್ನ

ಮನೆಯ ಅಕ್ವೇರಿಯಂಗೆ ಹೊಸ ಕ್ಯಾನಿಸ್ಟರ್ ಫಿಲ್ಟರ್ ಹಾಕಿಸಲು ಹೋದರೆ, ಎಷ್ಟೋ ಸಲ ಗಾಜಿನ ತೊಟ್ಟಿಗಿಂತ ಫಿಲ್ಟರ್‌ನ ಬೆಲೆಯೇ ಹೆಚ್ಚು. ಹಾಗಾಗಿ ಬೆಂಗಳೂರಿನಲ್ಲಿ ಮನೆ ಬದಲಿಸುವವರು, ಮೀನು ಸಾಕುವುದನ್ನು ಬಿಟ್ಟವರು ಓಎಲ್‌ಎಕ್ಸ್‌ನಲ್ಲಿ ಮಾರಲು ಇಡುವ ಸೆಕೆಂಡ್ ಹ್ಯಾಂಡ್ ಫಿಲ್ಟರ್‌ಗಳ ಕಡೆ ಕಣ್ಣು ಹೋಗುವುದು ಸಹಜ. ಅದನ್ನು ಹಿರಿಯೂರು ತಾಲ್ಲೂಕಿನ ಧರ್ಮಪುರದಂಥ ಊರಿಗೆ ತಂದಾಗ ಇನ್ನೆರಡು ಸಂಗತಿ ಸೇರಿಕೊಳ್ಳುತ್ತವೆ: ಬೋರ್‌ವೆಲ್‌ನ ಗಡಸು ನೀರು ಮತ್ತು ಹೇಳದೆ ಕೇಳದೆ ಹೋಗುವ ಕರೆಂಟು. ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹಳೆಯ ಫಿಲ್ಟರ್ ಹೊಸದರಷ್ಟೇ ಚೆನ್ನಾಗಿ ದುಡಿಯುತ್ತದೆ.

ಕೆಲಸ ಮಾಡುವ ಬಗೆ

ಕ್ಯಾನಿಸ್ಟರ್ ಎಂದರೆ ಮುಚ್ಚಳ ಬಿಗಿದ ಡಬ್ಬ. ತೊಟ್ಟಿಯ ಕೆಳಗೆ, ಸ್ಟ್ಯಾಂಡಿನ ಒಳಗೆ ಕೂರುತ್ತದೆ. ಒಂದು ಪೈಪಿನಲ್ಲಿ ತೊಟ್ಟಿಯ ನೀರು ಇಳಿದು ಬಂದು, ಸ್ಪಂಜು ಮತ್ತು ಸೆರಾಮಿಕ್ ರಿಂಗುಗಳ ನಡುವೆ ಹಾದು, ಮುಚ್ಚಳದಲ್ಲಿರುವ ಪುಟ್ಟ ಮೋಟರಿನ ಮೂಲಕ ಇನ್ನೊಂದು ಪೈಪಿನಲ್ಲಿ ತೊಟ್ಟಿಗೆ ಮರಳುತ್ತದೆ. ಬೋರ್‌ವೆಲ್ ಪಂಪಿನಂತೆ ಇದು ನೀರನ್ನು ಮೇಲಕ್ಕೆ ಎತ್ತುವುದಿಲ್ಲ. ಗಾರೆ ಮೇಸ್ತ್ರಿ ಮಟ್ಟ ನೋಡಲು ಹಿಡಿಯುವ ಪೈಪಿನ ಎರಡು ತುದಿಗೂ ನೀರು ಸಮನಾಗಿ ನಿಲ್ಲುತ್ತದಲ್ಲ, ಇಲ್ಲಿಯೂ ಅದೇ ಲೆಕ್ಕ. ಇಳಿಯುವ ನೀರಿನ ಭಾರವೇ ಏರುವ ನೀರನ್ನು ತೊಟ್ಟಿಯ ಮಟ್ಟದವರೆಗೆ ತಂದುಕೊಡುತ್ತದೆ. ಪೈಪು, ಸ್ಪಂಜುಗಳ ತಡೆಯನ್ನು ಮೀರಿ ನೀರನ್ನು ತಳ್ಳುವುದಷ್ಟೇ ಮೋಟರಿನ ಪಾಲಿನ ಕೆಲಸ. ಅದಕ್ಕೇ ಮಧ್ಯಮ ಗಾತ್ರದ ತೊಟ್ಟಿಗೆ 15–20 ವ್ಯಾಟಿನ ಮೋಟರು ಸಾಕು.

ಇದರಿಂದ ಎರಡು ಮಾತು ತಿಳಿಯುತ್ತವೆ. ಡಬ್ಬ ನೀರಿನ ಮಟ್ಟಕ್ಕಿಂತ ಕೆಳಗೇ ಇರಬೇಕು, ಒಳಗೆ ಗಾಳಿ ಉಳಿಯಬಾರದು. ಎರಡನೆಯದು, ಮುಚ್ಚಳ ಸೋರಿದರೆ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಸೋರಿಕೆ ನಿಲ್ಲದು. ಪೈಪುಗಳ ನಲ್ಲಿ ಮುಚ್ಚುವವರೆಗೂ ತೊಟ್ಟಿಯ ನೀರು ತಾನಾಗಿ ಇಳಿಯುತ್ತಲೇ ಇರುತ್ತದೆ.

ಕೊಳ್ಳುವಾಗ ನೋಡಬೇಕಾದ್ದು

ಸಾಧ್ಯವಾದರೆ ಮಾರುವವರ ಮನೆಯಲ್ಲೇ ಓಡಿಸಿ ನೋಡಿ. ಸಣ್ಣ ಗುಂಯ್‌ಗುಡುವಿಕೆ ಸರಿ. ಕಟಕಟ ಸದ್ದು ನಿಲ್ಲದಿದ್ದರೆ ಒಳಗೆ ಗಾಳಿ ಇದೆ, ಇಲ್ಲವೇ ಇಂಪೆಲರ್ (ನೀರು ತಳ್ಳುವ ರೆಕ್ಕೆಯ ಚಕ್ರ) ಕೂರುವ ಸೆರಾಮಿಕ್ ಕಡ್ಡಿ ಮುರಿದಿದೆ. ಇಂಪೆಲರ್ ಹೊರತೆಗೆದು ರೆಕ್ಕೆಗಳನ್ನೂ ಅಯಸ್ಕಾಂತವನ್ನೂ ನೋಡಿ. ಅಯಸ್ಕಾಂತ ಉಬ್ಬಿದ್ದರೆ, ತುಕ್ಕು ಇಣುಕಿದ್ದರೆ ಅದು ಕೆಲಸಕ್ಕೆ ಬಾರದು. ಮುಚ್ಚಳದ ರಬ್ಬರ್ ರಿಂಗನ್ನು ಬೆರಳಲ್ಲಿ ಹಿಗ್ಗಿಸಿ. ಮೆತ್ತಗೆ ಹಿಗ್ಗಿ ಹಿಂದಿನ ಆಕಾರಕ್ಕೆ ಬಂದರೆ ಜೀವ ಇದೆ; ಚಪ್ಪಟೆಯಾಗಿ ಗಡಸಾಗಿದ್ದರೆ, ಗೆರೆಗೆರೆಯಾಗಿ ಬಿರಿದಿದ್ದರೆ ಬದಲಿಸಲೇಬೇಕು. ಮುಚ್ಚಳ ಹಿಡಿಯುವ ಕ್ಲಿಪ್ಪುಗಳು, ನಲ್ಲಿಯ ಹಿಡಿ, ವೈರಿನ ಬುಡ, ಈ ಮೂರು ಕಡೆ ಬಿರುಕು ಹುಡುಕಿ. ಕೊನೆಗೆ ಕಂಪನಿ ಮತ್ತು ಮಾಡೆಲ್ ಹೆಸರು ಬರೆದುಕೊಂಡು, ರಬ್ಬರ್ ರಿಂಗು ಮತ್ತು ಇಂಪೆಲರ್ ಇನ್ನೂ ಸಿಗುತ್ತವೆಯೇ ವಿಚಾರಿಸಿ. ಪೈಪಿನ ಬಗ್ಗೆ ಚಿಂತೆ ಬೇಡ. 12/16, 16/22 ಮಿಲಿಮೀಟರಿನ ಅಳತೆಯವು ಸುಲಭವಾಗಿ ಸಿಗುತ್ತವೆ.

ಗಾತ್ರದ ಲೆಕ್ಕ ಹೀಗೆ: ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಎಂದರೆ 4.5 ಘನ ಅಡಿ, ಸುಮಾರು 127 ಲೀಟರ್. ಗಂಟೆಗೆ ನಾಲ್ಕೈದು ಸಲ ಅಷ್ಟೂ ನೀರು ಫಿಲ್ಟರ್ ಹಾದುಬರಬೇಕು, ಅಂದರೆ 500–600 ಲೀಟರ್. ಡಬ್ಬದ ಮೇಲೆ ಬರೆದ ಅಂಕಿ ಒಳಗೆ ಸ್ಪಂಜು ತುಂಬದೆ ಅಳೆದದ್ದು. ಆದ್ದರಿಂದ 800–1000 ಲೀಟರಿನದನ್ನೇ ಆರಿಸಿ.

ತೊಳೆಯುವ ಕ್ರಮ

ಹಳೆಯ ತೊಟ್ಟಿಯಲ್ಲಿ ಮೀನಿಗೆ ಏನು ರೋಗವಿತ್ತೋ ನಮಗೆ ತಿಳಿಯದು. ಹಳೆಯ ಸ್ಪಂಜು ಎಸೆಯಿರಿ. ಸೆರಾಮಿಕ್ ರಿಂಗುಗಳನ್ನು ಕುದಿಸಿ ಬಿಸಿಲಿನಲ್ಲಿ ಗರಿಗರಿ ಒಣಗಿಸಿ. ಪ್ಲಾಸ್ಟಿಕ್ ಭಾಗಗಳನ್ನು ಕುದಿಸಬೇಡಿ, ಸೊಟ್ಟಗಾಗುತ್ತವೆ. ಬಿಳಿ ಸುಣ್ಣದ ಹೊರೆ ಕಟ್ಟಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಲೀಟರಿಗೆ ಎರಡು ಚಮಚದಂತೆ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಭಾಗಗಳನ್ನು ಅದರಲ್ಲಿ ಒಂದೆರಡು ಗಂಟೆ ಅದ್ದಿಡಿ. ಮೋಟರಿರುವ ಮುಚ್ಚಳವನ್ನು ಮುಳುಗಿಸದೆ ಇಂಪೆಲರ್ ಕೂರುವ ಗುಳಿಗಷ್ಟೇ ಈ ನೀರು ತುಂಬಿ. ಗುಳ್ಳೆ ಏಳುವುದು ನಿಂತ ಮೇಲೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸುಣ್ಣ ಬಿಟ್ಟುಕೊಳ್ಳುತ್ತದೆ. ಬ್ಲೀಚಿಂಗ್ ಪೌಡರನ್ನು ಇದರ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಹೊರಡುತ್ತದೆ. ಸೋಪು ಮುಟ್ಟಿಸಲೇಬಾರದು.

ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್ ಹಚ್ಚಿದರೆ ಕೆಲವು ಬಗೆಯ ರಬ್ಬರ್ ಉಬ್ಬಿ ಕೆಡುತ್ತದೆ, ಕೊಬ್ಬರಿ ಎಣ್ಣೆ ಕಮಟು ಹಿಡಿಯುತ್ತದೆ.

ಮೊದಲು ಬಕೆಟ್ಟು, ಆಮೇಲೆ ತೊಟ್ಟಿ

ತೊಳೆದ ಫಿಲ್ಟರನ್ನು ನೇರವಾಗಿ ತೊಟ್ಟಿಗೆ ಜೋಡಿಸಬೇಡಿ. ಸ್ಟೂಲಿನ ಮೇಲೆ ನೀರು ತುಂಬಿದ ಬಕೆಟ್ಟು, ಕೆಳಗೆ ಫಿಲ್ಟರ್, ಅದರಡಿ ಹಳೆಯ ಪೇಪರ್. ರಾತ್ರಿಯಿಡೀ ಓಡಲಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಮುಚ್ಚಳ, ನಲ್ಲಿ ಎರಡೂ ಸರಿ ಇವೆ. ಹೊರಬರುವ ಪೈಪನ್ನು ಹತ್ತು ಲೀಟರಿನ ಇನ್ನೊಂದು ಬಕೆಟ್ಟಿಗೆ ಮೇಲಿನ ನೀರಿನ ಮಟ್ಟದಲ್ಲೇ ಹಿಡಿಯಿರಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 600 ಲೀಟರ್ ಎಂದು ಲೆಕ್ಕ.

ಹೆಚ್ಚಿನ ಮಾಡೆಲ್‌ಗಳಲ್ಲಿ ನೀರು ಬುಡದಿಂದ ಮೇಲಕ್ಕೆ ಹರಿಯುತ್ತದೆ. ಅವುಗಳಲ್ಲಿ ಬುಡಕ್ಕೆ ಒರಟು ಸ್ಪಂಜು, ನಡುವೆ ಸೆರಾಮಿಕ್ ರಿಂಗು, ಮೇಲೆ ಮೃದುವಾದ ಹತ್ತಿ ಪದರ ಇಡಿ. ಜೋಡಿಸುವಾಗ ಡಬ್ಬಕ್ಕೆ ಮೊದಲೇ ನೀರು ತುಂಬಿ, ನೀರು ಇಳಿಯುವ ನಲ್ಲಿ ತೆರೆದು, ಡಬ್ಬವನ್ನು ಅತ್ತಿತ್ತ ವಾಲಿಸಿ ಗಾಳಿ ಬಿಡಿ. ಏರುವ ಪೈಪಿನಲ್ಲಿ ನೀರು ತೊಟ್ಟಿಯ ಮಟ್ಟಕ್ಕೆ ಬಂದ ಮೇಲೆಯೇ ಸ್ವಿಚ್ ಹಾಕಿ. ಒಣ ಇಂಪೆಲರ್ ತಿರುಗಿದರೆ ಸವೆಯುತ್ತದೆ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ. ವೈರಿನ ಮೇಲೆ ಜಾರುವ ಹನಿ ಆಗ ಆ ತಗ್ಗಿನಿಂದಲೇ ಬಿದ್ದುಹೋಗುತ್ತದೆ, ಸಾಕೆಟ್ಟಿಗೆ ತಲುಪುವುದಿಲ್ಲ. ಅರ್ಥಿಂಗ್ ಇರುವ ಪಾಯಿಂಟು, ಕರೆಂಟು ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ಇನ್ನೂ ಕ್ಷೇಮ.

ನಮ್ಮ ನೀರು, ನಮ್ಮ ಬೇಸಿಗೆ

ಫಿಲ್ಟರ್ ಕಸ ಹಿಡಿಯುವುದು ಅರ್ಧ ಕೆಲಸ. ಮೀನಿನ ಹೇಲುಚ್ಚೆಯಿಂದ ಏಳುವ ಅಮೋನಿಯಾವನ್ನು ರಿಂಗುಗಳಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಸಿದರೆ, ಇನ್ನೊಂದು ಬಗೆ ಅದನ್ನು ಅಷ್ಟೇನೂ ಅಪಾಯವಲ್ಲದ ನೈಟ್ರೇಟ್ ಆಗಿಸುತ್ತದೆ. ಕುದಿಸಿ ಒಣಗಿಸಿದ ಫಿಲ್ಟರಿನಲ್ಲಿ ಇವು ಇರುವುದಿಲ್ಲ. ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಗಡಸು ನೀರಿನ ಬೈಕಾರ್ಬೊನೇಟ್ ಈ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯದೇ. ಆದರೆ ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚು; ಪಿಎಚ್ 7 ಇದ್ದಾಗ 25 ಡಿಗ್ರಿಯಲ್ಲಿ ಅಮೋನಿಯಾದ ವಿಷರೂಪ ಶೇ 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇ 5ರಷ್ಟು. ಆದ್ದರಿಂದ ಇಲ್ಲಿ ಆತುರ ಪಟ್ಟಷ್ಟೂ ಮೀನು ಸಾಯುತ್ತವೆ. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಎರಡು ಮೂರು ಗಟ್ಟಿ ಮೀನುಗಳೇ ಸಾಕು. ಗಪ್ಪಿ, ಮೊಲಿ, ಪ್ಲಾಟಿ ಗಡಸು ನೀರಿಗೆ ಒಗ್ಗುತ್ತವೆ. ಡಿಸ್ಕಸ್, ನಿಯಾನ್ ಟೆಟ್ರಾ ಮೃದು ನೀರಿನವು.

ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಲವಣವಲ್ಲ. ಕಡಿಮೆಯಾದಷ್ಟನ್ನು ಬೋರ್‌ವೆಲ್ ನೀರಿನಿಂದಲೇ ತುಂಬುತ್ತ ಹೋದರೆ ತೊಟ್ಟಿ ವಾರದಿಂದ ವಾರಕ್ಕೆ ಗಡಸಾಗಿ, ಇಂಪೆಲರಿನ ಗುಳಿಯಲ್ಲಿ ಮತ್ತೆ ಸುಣ್ಣ ಕಟ್ಟುತ್ತದೆ. ಆವಿಯಾದ ಪಾಲನ್ನು ಶುದ್ಧ ಕುಡಿಯುವ ನೀರಿನ ಘಟಕದ ನೀರಿನಿಂದ ಅಥವಾ ಮಳೆನೀರಿನಿಂದ ತುಂಬಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವಾಗ ಬೋರ್‌ವೆಲ್ ನೀರು ಬಳಸಿ. ನಲ್ಲಿ ನೀರಿಗೆ ಬ್ಲೀಚಿಂಗ್ ಹಾಕಿದ್ದರೆ ಒಂದು ದಿನ ತೆರೆದಿಟ್ಟು ಹಾಕಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಹೊರಬರುವ ಪೈಪು ನೀರಿನ ಮೇಲ್ಮೈಯನ್ನು ಅಲುಗಾಡಿಸುವಂತಿರಲಿ.

ಕರೆಂಟ್ ಹೋದಾಗ ಮುಚ್ಚಿದ ಡಬ್ಬದಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಎರಡು ಮೂರು ಗಂಟೆ ಮೀರಿದರೆ ಬಂದ ತಕ್ಷಣ ಓಡಿಸಬೇಡಿ. ಡಬ್ಬ ತೆರೆದು ಒಳಗಿನ ನೀರು ಚೆಲ್ಲಿ, ಸ್ಪಂಜು ಮತ್ತು ರಿಂಗುಗಳನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಜಾಲಾಡಿ ಮತ್ತೆ ಜೋಡಿಸಿ. ಬ್ಯಾಟರಿಯ ಏರ್ ಪಂಪ್ ಒಂದನ್ನು ಜೊತೆಗಿಟ್ಟುಕೊಂಡರೆ ಮೀನಿಗೆ ಉಸಿರಾಟದ ತೊಂದರೆಯಿಲ್ಲ. ಇನ್ನು ಕರೆಂಟ್ ಬಿಲ್ಲಿನ ಲೆಕ್ಕ: 18 ವ್ಯಾಟಿನ ಫಿಲ್ಟರ್ ತಿಂಗಳಿಡೀ ಓಡಿದರೆ ಸುಮಾರು 13 ಯೂನಿಟ್. ರಾಜ್ಯದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಮಿತಿ ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪವೇ ಹೆಚ್ಚು. ಆ ಅಂಚಿನಲ್ಲಿರುವ ಮನೆಯವರು ಮೊದಲೇ ಬಿಲ್ ನೋಡಿಕೊಳ್ಳಲಿ.

ಒಟ್ಟಿನಲ್ಲಿ, ಡಬ್ಬ ಎಷ್ಟು ಹಳೆಯದಾದರೂ ನಡೆಯುತ್ತದೆ. ರಬ್ಬರ್ ರಿಂಗು, ಇಂಪೆಲರ್, ನಲ್ಲಿ ಈ ಮೂರು ಮಾತ್ರ ಗಟ್ಟಿ ಇರಬೇಕು, ಇಲ್ಲವೇ ಪೇಟೆಯಲ್ಲಿ ಸಿಗುವಂತಿರಬೇಕು. ಬಿಡಿಭಾಗ ಸಿಗದ ಫಿಲ್ಟರನ್ನು ಕಾಲು ಬೆಲೆಗೆ ಕೊಟ್ಟರೂ ಬೇಡವೆನ್ನಿ.