ನಿಧಾನ ನಾಡಿಯೂ ನಿಂತಾಗ ಬರುವ ಬವಳಿಯೂ

ಕುಳಿತಲ್ಲಿಂದ ಥಟ್ಟನೆ ಎದ್ದಾಗ ಕಣ್ಣು ಕತ್ತಲೆಗಟ್ಟಿ, ತಲೆ ಹಗುರವಾದಂತಾಗಿ, ಪಕ್ಕದ ಗೋಡೆಯನ್ನೋ ಕಂಬವನ್ನೋ ಹಿಡಿದು ನಿಲ್ಲಬೇಕಾಗುವ ಅನುಭವ ಬಹುಮಂದಿಗೆ ಉಂಟು. ಇದನ್ನು ಆಡುಮಾತಿನಲ್ಲಿ ಬವಳಿ ಎನ್ನುವೆವು. ಸುತ್ತಲಿನ ವಸ್ತುಗಳೇ ತಿರುಗಿದಂತೆ ಕಾಣುವ ತಲೆಸುತ್ತು ಬಹುಮಟ್ಟಿಗೆ ಒಳಕಿವಿಯ ದೋಷದಿಂದ ಬರತಕ್ಕದ್ದು. ಅದು ಇಲ್ಲಿಯ ವಿಷಯವಲ್ಲ. ಬವಳಿ ಬಂದವನ ನಾಡಿಯನ್ನು ಹಿಡಿದು ನೋಡಿದಾಗ ನಿಮಿಷಕ್ಕೆ ೫೦ ಬಡಿತಗಳು ಮಾತ್ರ ಕಂಡುಬಂದರೆ, ನಾಡಿಯ ನಿಧಾನವೇ ಬವಳಿಗೆ ಕಾರಣವೆಂದು ಒಡನೆಯೇ ತೀರ್ಮಾನಿಸುವುದು ಸಹಜ. ಈ ತೀರ್ಮಾನ ಕೆಲವೊಮ್ಮೆ ಸರಿ, ಅನೇಕ ವೇಳೆ ತಪ್ಪು. ತಪ್ಪಾದಲ್ಲಿ ಆರೋಗ್ಯವಂತನು ವೃಥಾ ಹೃದ್ರೋಗದ ಭಯಕ್ಕೆ ಒಳಗಾಗುತ್ತಾನೆ. ನಿಜವಾದ ದೋಷವನ್ನು ಬರಿಯ ನಿಶ್ಶಕ್ತಿಯೆಂದು ತಳ್ಳಿಹಾಕಿದಲ್ಲಿ ಪ್ರಾಣಕ್ಕೇ ಅಪಾಯ ಒದಗಬಹುದು. ಇವೆರಡನ್ನು ಬೇರ್ಪಡಿಸುವ ಬಗೆ ಹೇಗೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಎದ್ದು ನಿಲ್ಲುವುದು ನಮಗೆ ಅತಿ ಸುಲಭವಾದ ಕ್ರಿಯೆಯೆಂದು ತೋರಿದರೂ ರಕ್ತಪರಿಚಲನೆಯ ದೃಷ್ಟಿಯಿಂದ ಅದೊಂದು ಕಠಿನ ಪರೀಕ್ಷೆ. ಮಲಗಿದ್ದಾಗ ತಲೆ, ಹೃದಯ, ಕಾಲುಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ನಿಂತೊಡನೆ ಸುಮಾರು ೫೦೦ರಿಂದ ೮೦೦ ಮಿಲಿಲೀಟರಿನಷ್ಟು ರಕ್ತ ಗುರುತ್ವದಿಂದ ಕೆಳಗಿಳಿದು ಕಾಲುಗಳ ಮತ್ತು ಹೊಟ್ಟೆಯ ಸಿರೆಗಳಲ್ಲಿ ತಂಗುತ್ತದೆ. ಹೃದಯಕ್ಕೆ ಮರಳುವ ರಕ್ತ ಅಷ್ಟರಮಟ್ಟಿಗೆ ಕಡಮೆಯಾಗುವುದರಿಂದ ಅದು ಪ್ರತಿ ಬಡಿತಕ್ಕೂ ಹೊರದೂಡುವ ರಕ್ತವೂ ಕಡಮೆಯಾಗುತ್ತದೆ. ಇದು ಸಾಲದೆಂಬಂತೆ, ಮೆದುಳು ಈಗ ಹೃದಯಕ್ಕಿಂತ ಸುಮಾರು ೩೦ ಸೆಂಟಿಮೀಟರ್ ಮೇಲೆ ಇರುತ್ತದೆ. ಅಷ್ಟು ಎತ್ತರದ ರಕ್ತಸ್ತಂಭದ ಒತ್ತಡ ಪಾದರಸದ ಅಳತೆಯಲ್ಲಿ ೨೩ ಮಿಲಿಮೀಟರಿನಷ್ಟಾಗುವುದರಿಂದ, ಹೃದಯದ ಮಟ್ಟದಲ್ಲಿರುವ ಒತ್ತಡಕ್ಕಿಂತ ಮೆದುಳಿನಲ್ಲಿರುವ ಒತ್ತಡ ಅಷ್ಟು ಕಡಮೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಇರುವ ಮೆದುಳು ಹೃದಯ ದೂಡುವ ರಕ್ತದಲ್ಲಿ ನೂರಕ್ಕೆ ಸುಮಾರು ಹದಿನೈದು ಪಾಲನ್ನು ಬೇಡುತ್ತದೆ; ಆ ಪೂರೈಕೆ ಆರೆಂಟು ಸೆಕೆಂಡುಗಳ ಕಾಲ ಪೂರ್ತಿ ನಿಂತರೆ ಎಚ್ಚರ ತಪ್ಪುವುದು.

ಹಾಗಾದರೆ ನಾವೆಲ್ಲರೂ ನಿಂತೊಡನೆ ಮೂರ್ಛೆಹೋಗದಿರುವುದೇಕೆ? ಕುತ್ತಿಗೆಯ ಧಮನಿ ಕವಲೊಡೆಯುವೆಡೆಯಲ್ಲಿಯೂ ಮಹಾಧಮನಿಯ ಕಮಾನಿನಲ್ಲಿಯೂ ಒತ್ತಡವನ್ನು ಅರಿಯುವ ನರಾಗ್ರಗಳಿವೆ. ೧೮೬೬ರಲ್ಲಿ ಸಿಯಾನ್ ಮತ್ತು ಲುಡ್ವಿಗ್ ಎಂಬ ವಿಜ್ಞಾನಿಗಳು ಮೊಲದಲ್ಲಿ ಒಂದು ನರವನ್ನು ಪ್ರಚೋದಿಸಿದರೆ ರಕ್ತದ ಒತ್ತಡ ಇಳಿದು ಹೃದಯ ನಿಧಾನವಾಗುವುದೆಂದು ತೋರಿಸಿದರು. ಕುತ್ತಿಗೆಯ ಧಮನಿಯಲ್ಲಿರುವ ಇಂಥದೇ ವ್ಯವಸ್ಥೆಯನ್ನು ೧೯೨೦ರ ದಶಕದಲ್ಲಿ ಹೇರಿಂಗ್ ಎಂಬಾತ ವಿವರಿಸಿದನು. ಒತ್ತಡ ಕುಸಿದಾಗ ಈ ನರಾಗ್ರಗಳಿಂದ ಮೆದುಳಿನ ಬುಡಕ್ಕೆ ಹೋಗುವ ಸಂಜ್ಞೆಗಳು ಕಡಮೆಯಾಗುತ್ತವೆ. ಆಗ ಎರಡು ಕಾರ್ಯಗಳು ಜರಗುತ್ತವೆ. ಮೊದಲನೆಯದು, ಹೃದಯಕ್ಕೆ ಕಡಿವಾಣದಂತಿರುವ ವೇಗಸ್ ನರ ತನ್ನ ಹಿಡಿತವನ್ನು ಸಡಿಲಿಸಿ, ಒಂದೆರಡು ಸೆಕೆಂಡುಗಳಲ್ಲಿಯೇ ನಾಡಿ ಚುರುಕಾಗುವುದು. ಎರಡನೆಯದು, ಅನುವೇದನಾ ನರಗಳು ಕಿರುಧಮನಿಗಳನ್ನೂ ಸಿರೆಗಳನ್ನೂ ಬಿಗಿಗೊಳಿಸಿ ಒತ್ತಡವನ್ನು ಎತ್ತಿಹಿಡಿಯುವುದು. ಇದಕ್ಕೆ ಇನ್ನೂ ಕೆಲವು ಸೆಕೆಂಡುಗಳು ಬೇಕು. ಈ ಅಲ್ಪಾವಧಿಯಲ್ಲಿಯೇ ಆರೋಗ್ಯವಂತನಿಗೂ ಒಮ್ಮೊಮ್ಮೆ ಬವಳಿ ಬಂದು ಮಾಯವಾಗುತ್ತದೆ. ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕುಳಿತು ಎದ್ದಾಗ ಇದು ಇನ್ನೂ ಸ್ಪಷ್ಟ.

ಈಗ ನಿಧಾನ ನಾಡಿಯ ವಿಷಯಕ್ಕೆ ಬರೋಣ. ಹೃದಯ ಒಂದು ನಿಮಿಷದಲ್ಲಿ ದೂಡುವ ರಕ್ತವೆಂದರೆ ಪ್ರತಿ ಬಡಿತದ ರಕ್ತವನ್ನು ಬಡಿತಗಳ ಸಂಖ್ಯೆಯಿಂದ ಗುಣಿಸಿದ ಲಬ್ಧ. ಬಡಿತಕ್ಕೆ ೭೦ ಮಿಲಿಲೀಟರಿನಂತೆ ೭೦ ಬಡಿತಗಳಾದರೆ ೪೯೦೦ ಮಿಲಿಲೀಟರ್. ದೀರ್ಘಕಾಲ ಓಟವನ್ನು ಅಭ್ಯಾಸಮಾಡಿದವನ ಹೃದಯ ಬಡಿತಕ್ಕೆ ೧೧೦ ಮಿಲಿಲೀಟರ್ ದೂಡುವುದಾದರೆ ೪೫ ಬಡಿತಗಳಿಂದಲೇ ೪೯೫೦ ಮಿಲಿಲೀಟರ್ ದೊರೆಯುತ್ತದೆ. ಆದುದರಿಂದ ನಾಡಿಯ ಸಂಖ್ಯೆಯೊಂದೇ ರೋಗದ ಗುರುತಲ್ಲ. ೬೦ಕ್ಕಿಂತ ಕೆಳಗಿನ ನಾಡಿಯನ್ನು ಮಂದವೆಂದು ಕರೆಯುವುದು ಹಳೆಯ ರೂಢಿ. ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆಗಳು ೨೦೧೮ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಎಲ್ಲೆಯನ್ನು ೫೦ಕ್ಕೆ ಇಳಿಸಲಾಗಿದೆ.

ಸಾಮಾನ್ಯ ಮೂರ್ಛೆಯಲ್ಲಿಯೂ ನಾಡಿಯೊಂದೇ ಅಪರಾಧಿಯಲ್ಲ. ಬಿಸಿಲಿನಲ್ಲಿ ಬಹಳ ಹೊತ್ತು ಸಾಲಾಗಿ ನಿಂತ ವಿದ್ಯಾರ್ಥಿ ಬಿಳಿಚಿಕೊಂಡು ಬೆವತು ಕುಸಿಯುವಾಗ ಅವನ ನಾಡಿ ಬಹಳ ನಿಧಾನವಾಗಿರುತ್ತದೆ. ಇಂಗ್ಲೆಂಡಿನ ಥಾಮಸ್ ಲೂಯಿಸ್ ೧೯೩೨ರಲ್ಲಿ ಇಂಥ ಮೂರ್ಛೆಯನ್ನು ವಿವರಿಸುತ್ತ, ಅಟ್ರೊಪೀನ್ ಕೊಟ್ಟು ನಾಡಿಯ ವೇಗವನ್ನು ಹೆಚ್ಚಿಸಿದರೂ ರಕ್ತದ ಒತ್ತಡ ತಗ್ಗಿಯೇ ಉಳಿಯಿತೆಂಬುದನ್ನು ಎತ್ತಿತೋರಿಸಿದನು. ರಕ್ತನಾಳಗಳು ಸಡಿಲಗೊಳ್ಳುವುದೇ ಅಲ್ಲಿ ಮುಖ್ಯ ಕಾರಣ. ಕುಸಿದವನನ್ನು ಎತ್ತಿ ನಿಲ್ಲಿಸದೆ ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಮೇಲೆತ್ತಬೇಕೆಂಬುದಕ್ಕೆ ಇದೇ ಆಧಾರ.

ಹೀಗಿರುವಲ್ಲಿ ನಾವು ಕೇಳಬೇಕಾದ ಪ್ರಶ್ನೆ, ‘ನಾಡಿ ಎಷ್ಟು ನಿಧಾನ?’ ಎಂಬುದಲ್ಲ; ‘ನಿಂತಾಗ ಆ ನಾಡಿ ಏನು ಮಾಡುತ್ತದೆ?’ ಎಂಬುದು. ಇದರ ಮಹತ್ತ್ವ ಮೊದಲು ಸ್ಪಷ್ಟವಾಗಿ ಕಂಡುಬಂದದ್ದು ೧೯೨೫ರಲ್ಲಿ. ಆ ವರ್ಷ ಬ್ರಾಡ್‌ಬರಿ ಮತ್ತು ಎಗಲ್‌ಸ್ಟನ್ ಎಂಬ ಅಮೆರಿಕದ ವೈದ್ಯರು, ನಿಂತೊಡನೆ ಒತ್ತಡ ಕುಸಿದು ಎಚ್ಚರ ತಪ್ಪುತ್ತಿದ್ದ ಮೂವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಒತ್ತಡ ಅಷ್ಟು ಇಳಿದರೂ ಅವರ ನಾಡಿ ನಿಧಾನವಾಗಿ, ಬದಲಾಗದೆ ನಡೆಯುತ್ತಿತ್ತು, ಮೈ ಬೆವರುತ್ತಿರಲಿಲ್ಲ, ಬೇಸಗೆಯಲ್ಲಿ ಬಾಧೆ ಉಲ್ಬಣಿಸುತ್ತಿತ್ತು. ದೋಷವಿದ್ದುದು ಹೃದಯದಲ್ಲಲ್ಲ, ಅದಕ್ಕೆ ಆಜ್ಞೆಯನ್ನು ಒಯ್ಯುವ ನರಗಳಲ್ಲಿ. ದೀರ್ಘಕಾಲದ ಮಧುಮೇಹ, ಪಾರ್ಕಿನ್ಸನ್ ರೋಗ ಮೊದಲಾದವುಗಳಲ್ಲಿ ಈ ಬಗೆಯ ನರವೈಕಲ್ಯ ಕಾಣಬರುತ್ತದೆ.

ಪರೀಕ್ಷೆಯ ಕ್ರಮ ಸರಳವಾದುದು. ವ್ಯಕ್ತಿಯನ್ನು ಐದು ನಿಮಿಷ ಮಲಗಿಸಿ ಒತ್ತಡವನ್ನೂ ನಾಡಿಯನ್ನೂ ಬರೆದುಕೊಂಡು, ನಿಂತ ಮೇಲೆ ಒಂದನೆಯ ಮತ್ತು ಮೂರನೆಯ ನಿಮಿಷಗಳಲ್ಲಿ ಪುನಃ ಅಳೆಯಬೇಕು. ಮೂರು ನಿಮಿಷಗಳೊಳಗಾಗಿ ಒತ್ತಡದ ಮೇಲಿನ ಅಂಕಿ ೨೦ ಅಥವಾ ಕೆಳಗಿನ ಅಂಕಿ ೧೦ ಮಿಲಿಮೀಟರಿನಷ್ಟು ಇಳಿದು ಹಾಗೆಯೇ ಉಳಿದರೆ ಅದನ್ನು ನಿಲುವಿನ ಒತ್ತಡಕುಸಿತವೆಂದು ೧೯೯೬ರಲ್ಲಿ ತಜ್ಞರು ನಿರ್ಣಯಿಸಿದರು. ನಿದರ್ಶನಕ್ಕಾಗಿ ಎರಡು ಕಲ್ಪಿತ ಪ್ರಸಂಗಗಳನ್ನು ತೆಗೆದುಕೊಳ್ಳೋಣ. ಒಬ್ಬನ ಮೇಲಿನ ಅಂಕಿ ೧೨೪ರಿಂದ ೧೦೦ಕ್ಕೆ ಇಳಿದು ನಾಡಿ ೫೨ರಿಂದ ೭೬ಕ್ಕೆ ಏರಿತು. ಇನ್ನೊಬ್ಬನ ಅಂಕಿ ೧೪೦ರಿಂದ ೧೦೦ಕ್ಕೆ ಇಳಿದರೂ ನಾಡಿ ೫೬ರಿಂದ ೬೦ಕ್ಕೆ ಮಾತ್ರ ಏರಿತು. ಮೊದಲನೆಯವನಲ್ಲಿ ಇಳಿದ ಪ್ರತಿ ಮಿಲಿಮೀಟರಿಗೂ ಒಂದು ಬಡಿತ ಹೆಚ್ಚಿದೆ. ಅವನ ನರಗಳು ಕರ್ತವ್ಯವನ್ನು ಮಾಡುತ್ತಿವೆ. ನೀರಿನ ಕೊರತೆ, ಭೇದಿ, ರಕ್ತನಷ್ಟ ಮುಂತಾದ ಕಾರಣಗಳನ್ನು ಹುಡುಕಬೇಕು. ಎರಡನೆಯವನಲ್ಲಿ ಈ ಪ್ರಮಾಣ ೦.೧ ಮಾತ್ರ. ೨೦೧೮ರಲ್ಲಿ ಪ್ರಕಟವಾದ ಸಂಶೋಧನೆಯ ಮೇರೆಗೆ, ಪ್ರಮಾಣ ೦.೫ಕ್ಕಿಂತ ಕಡಮೆಯಾದರೆ ನರವೈಕಲ್ಯವನ್ನು ಶಂಕಿಸಬೇಕು. ಮಲಗಿದ್ದಾಗ ಇಬ್ಬರ ನಾಡಿಯೂ ಸರಿಸುಮಾರು ಒಂದೇ ಎಂಬುದನ್ನು ವಾಚಕರು ಗಮನಿಸಬೇಕು.

ಆದರೆ ಈ ಲೆಕ್ಕ ಎಲ್ಲರಿಗೂ ಸಲ್ಲದು. ನಾಡಿಯನ್ನು ತಗ್ಗಿಸುವ ಔಷಧಗಳನ್ನು ಸೇವಿಸುವವರಲ್ಲಿ ನರಗಳು ಸರಿಯಾಗಿದ್ದರೂ ಹೃದಯ ಅವುಗಳ ಆಜ್ಞೆಯನ್ನು ಪೂರ್ಣವಾಗಿ ಪಾಲಿಸಲಾರದು. ರಕ್ತದೊತ್ತಡಕ್ಕೂ ಹೃದಯಶೂಲೆಗೂ ಕೊಡುವ ಪ್ರೊಪ್ರನೊಲಾಲ್, ಅಟೆನೊಲಾಲ್ ಮುಂತಾದವು ಈ ವರ್ಗಕ್ಕೆ ಸೇರಿದವು. ಗ್ಲಾಕೋಮಕ್ಕಾಗಿ ಕಣ್ಣಿಗೆ ಬಿಡುವ ಟಿಮೊಲಾಲ್ ಹನಿಗಳು ಸಹ ರಕ್ತವನ್ನು ಸೇರಿ ನಾಡಿಯನ್ನು ನಿಧಾನಗೊಳಿಸಬಲ್ಲವು. ವೈದ್ಯರು ಔಷಧಗಳ ಹೆಸರು ಕೇಳಿದಾಗ ಕಣ್ಣಿನ ಹನಿಯನ್ನು ಹೇಳಲು ಹಲವರು ಮರೆಯುವರು. ಅಂತಹ ಔಷಧವನ್ನು ತಾನಾಗಿಯೇ ಥಟ್ಟನೆ ನಿಲ್ಲಿಸುವುದೂ ಅಪಾಯಕರ; ವೈದ್ಯರ ಸಲಹೆಯ ಮೇರೆಗೇ ಬದಲಾವಣೆ ನಡೆಯಬೇಕು.

ಕಡೆಯದಾಗಿ, ದೋಷ ಹೃದಯದಲ್ಲಿಯೇ ಇರುವ ಸಂದರ್ಭ. ಬಡಿತವನ್ನು ಹುಟ್ಟಿಸುವ ಗಂಟು ದುರ್ಬಲವಾದಾಗ, ಇಲ್ಲವೆ ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಹೋಗುವ ಪ್ರೇರಣೆ ದಾರಿಯಲ್ಲಿ ತಡೆಯಲ್ಪಟ್ಟಾಗ, ನಾಡಿ ೪೦ಕ್ಕೂ ೩೦ಕ್ಕೂ ಇಳಿಯಬಹುದು. ನಿಧಾನ ನಾಡಿಯೊಡನೆ ಬರುವ ಮೂರ್ಛೆಯನ್ನು ಡಬ್ಲಿನ್ ನಗರದ ವೈದ್ಯರಾದ ಆಡಮ್ಸ್ ೧೮೨೭ರಲ್ಲಿಯೂ ಸ್ಟೋಕ್ಸ್ ೧೮೪೬ರಲ್ಲಿಯೂ ವರ್ಣಿಸಿದರು. ಬಹುಕಾಲ ಇದಕ್ಕೆ ತಕ್ಕ ಪರಿಹಾರವಿರಲಿಲ್ಲ. ೧೯೫೮ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಸೆನ್ನಿಂಗ್, ಎಲ್ಮ್‌ಕ್ವಿಸ್ಟ್ ನಿರ್ಮಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬಾತನ ದೇಹದೊಳಗೆ ಇಟ್ಟನು. ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟರೂ, ಅದನ್ನು ಮತ್ತೆ ಮತ್ತೆ ಬದಲಾಯಿಸುತ್ತ ಬಂದುದರಿಂದ ಆತ ೨೦೦೧ರವರೆಗೆ ಬದುಕಿದನು. ಈ ಬಗೆಯ ಮೂರ್ಛೆಗೆ ನಿಲುವಿನ ಹಂಗಿಲ್ಲ. ಕುಳಿತಾಗಲೂ ಮಲಗಿದಾಗಲೂ ಮುನ್ಸೂಚನೆಯಿಲ್ಲದೆ ಬರಬಹುದು. ಹಾಗೆ ಬಂದ ಮೂರ್ಛೆ, ಶ್ರಮಿಸುವಾಗ ಬಂದ ಮೂರ್ಛೆ, ಎದೆನೋವು ಅಥವಾ ಉಬ್ಬಸದೊಡನೆ ಬಂದ ಬವಳಿ, ಇವುಗಳಲ್ಲಿ ಯಾವುದೇ ಆದರೂ ತಡಮಾಡದೆ ಹೃದಯದ ವಿದ್ಯುಲ್ಲೇಖವನ್ನು ತೆಗೆಸತಕ್ಕದ್ದು.

ಸಾಮಾನ್ಯ ಬವಳಿಯುಳ್ಳವರು ಮಲಗಿದಲ್ಲಿಂದ ಒಮ್ಮೆಲೇ ನಿಲ್ಲದೆ ಮೊದಲು ಕುಳಿತು ಕೆಲವು ಕ್ಷಣಗಳನ್ನು ಕಳೆಯುವುದು, ಸಾಕಷ್ಟು ನೀರು ಕುಡಿಯುವುದು, ನಿಂತಾಗ ಕಾಲುಗಳನ್ನು ಹೆಣೆದು ಸ್ನಾಯುಗಳನ್ನು ಬಿಗಿಹಿಡಿಯುವುದು ಪ್ರಯೋಜನಕರ. ವೃದ್ಧರಲ್ಲಿ ಒಂದು ಬೀಳು ತೊಡೆಯೆಲುಬನ್ನೇ ಮುರಿಯಬಹುದಾದ್ದರಿಂದ ಅವರ ಬವಳಿಯನ್ನು ವಯಸ್ಸಿನ ಸಹಜ ಧರ್ಮವೆಂದು ಉಪೇಕ್ಷಿಸಲಾಗದು. ಮಲಗಿದ್ದವನ ನಾಡಿಯನ್ನು ಎಣಿಸಿ ಬರೆದ ಅಂಕಿ ಅರ್ಧ ಸಂಗತಿಯನ್ನು ಮಾತ್ರ ಹೇಳುತ್ತದೆ. ಉಳಿದರ್ಧವನ್ನು ಅರಿಯಬೇಕಾದರೆ ಅವನನ್ನು ನಿಲ್ಲಿಸಿ, ಮೂರು ನಿಮಿಷ ಕಾದು, ಇನ್ನೊಮ್ಮೆ ಎಣಿಸಬೇಕು.